ಕೊನೇ ಬೆಂಚಿನ ಹಿಂದಿನಿಂದ ಬಂದ ಕೈ

ದೆವ್ವ ಕಂಡೆ, ಕನಸಿನಲ್ಲಿ ಸಂತರು ಬಂದರು ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಹೊನ್ನಾವರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಬ್ಲೌಸು ಹೊಲಿಸಲು ಬಂದವರು ಅಂಥ ಕತೆ ತೆಗೆದರೆ "ಆತು, ಮೊದ್ಲು ಅಳತೆ ಕೊಡಿ" ಎಂದು ಟೇಪು ಹಿಡಿಯುತ್ತಿದ್ದೆ. ಹಾಗಾದರೆ ಯೇಸು ಸತ್ತು ಎದ್ದದ್ದನ್ನು ನಂಬುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ನಂಬುತ್ತಿದ್ದೆ. ಕ್ರೈಸ್ತರ ಮನೆಯಲ್ಲಿ ಹುಟ್ಟಿ ಅದನ್ನು ನಂಬದೆ ಇರಲಾಗುತ್ತದೆಯೇ? ಆದರೆ ಅದು ಯಾವುದೋ ಕಾಲದಲ್ಲಿ, ಯಾವುದೋ ದೂರದ ಊರಿನಲ್ಲಿ ಆದದ್ದು. ನನ್ನ ಅಂಗಡಿಗೂ ಅಡುಗೆಮನೆಗೂ ಅದರಿಂದ ಏನೂ ಆಗಬೇಕಾಗಿರಲಿಲ್ಲ.

ಈಗ ಹೇಳುವುದು ನಡೆದು ಕೆಲವು ವರ್ಷಗಳಾದವು. ಹೇಳುವ ಮೊದಲು ನನ್ನ ತಮ್ಮ ಇನಾಸನ ವಿಷಯ ಹೇಳಬೇಕು. ನಮ್ಮಮ್ಮನಿಗೆ ನಾವಿಬ್ಬರೇ ಮಕ್ಕಳು. ಅವನು ಮೊದಲು ಇಲ್ಲೇ ಹೊಳೆಯಾಚೆ ಕಾಸರಕೋಡಿನ ಐಸ್ ಫ್ಯಾಕ್ಟರಿಯಲ್ಲಿದ್ದ. ಅಲ್ಲಿ ಬೆಲ್ಟಿಗೆ ಸಿಕ್ಕಿ ಅವನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತು. ಮತ್ತೆ ಬೆಳೆದದ್ದೂ ಎರಡು ತುಂಡಾಗಿಯೇ. ಆಮೇಲೆ ಕುಮಟೆಗೆ ಹೋಗಿ ಅಂಗಡಿ ಹಾಕಿದ. ಮದುವೆಯಾದ. ಹೆಂಡತಿ ರೀಟಾಳ ಕಡೆಯವರ ಜತೆ ಅಲ್ಲಿನ ಒಂದು ಪ್ರಾರ್ಥನೆ ಮನೆಗೆ ಸೇರಿ, ನಮ್ಮ ಇಗರ್ಜಿಗೆ, ಅಂದರೆ ಚರ್ಚಿಗೆ, ಬರುವುದು ಬಿಟ್ಟ. ಬಿಡಲಿ, ಅದಕ್ಕೂ ನಾನು ಏನೂ ಅಂದಿರಲಿಲ್ಲ.

ಅಮ್ಮ ಸತ್ತಾಗ ಮಾತು ಕೆಟ್ಟಿತು. ನಮ್ಮಲ್ಲಿ ಹೆಣದ ತಲೆಯ ಹತ್ತಿರ ಮೇಣದ ಬತ್ತಿ ಹಚ್ಚುವುದು ಮಗನ ಕೆಲಸ. ಬತ್ತಿ ಕೈಗೆ ಕೊಟ್ಟರೆ ಇನಾಸ ಮುಟ್ಟಲಿಲ್ಲ. "ಸತ್ತವರಿಗೆ ಬತ್ತಿ ಎಂತಕ್ಕೆ? ಯೇಸು ಎದ್ದಾಗಿದೆ. ನಂಬಿಕೆ ಇದ್ರೆ ಅಷ್ಟು ಸಾಕು" ಎಂದ. ನೆರೆದ ಜನರ ಎದುರು ಹೇಳಿದ. ಕೊನೆಗೆ ಪಕ್ಕದ ಮನೆಯವರು ಹಚ್ಚಿದರು. ನನ್ನ ಮೈಯೆಲ್ಲ ಉರಿದುಹೋಯಿತು. "ಹೆತ್ತವಳಿಗೆ ಒಂದು ಬತ್ತಿ ಹಚ್ಚದ ಕೈ ನನ್ನ ಹೊಸ್ತಿಲೂ ಮುಟ್ಟೂದು ಬೇಡ" ಎಂದೆ. ಅವನು ಹೋದ. ನಾನು ಹೇಳಿದ್ದು ಸರಿಯೇ ಎಂದು ಅವತ್ತೂ ಅಂದುಕೊಂಡಿದ್ದೆ, ಇವತ್ತೂ ಅಂದುಕೊಳ್ಳುತ್ತೇನೆ.

ಹೀಗೆ ವರ್ಷಗಳು ಕಳೆದ ಮೇಲೆ ಮಗಳು ಸುನೀತಾಳ ಮದುವೆ ಗೊತ್ತಾಯಿತು. ಹುಡುಗ ಭಟ್ಕಳದ ಕಡೆಯವನು. ಈಸ್ಟರ್ ಕಳೆದು ಎರಡನೇ ವಾರಕ್ಕೆ ದಿನ ನೋಡಿದೆವು. ಮದುವೆಯ ಮುಂಚಿನ ದಿನ ಹುಡುಗಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ರೋಸ್ ಶಾಸ್ತ್ರ ನಮ್ಮಲ್ಲಿದೆ. ಅದಕ್ಕೆ ತಾಯಿಯ ತಮ್ಮ ಬೇಕು. ಅವನ ಮನೆಗೆ ತಾಯಿಯೇ ಖುದ್ದಾಗಿ ಹೋಗಿ ಕರೆಯಬೇಕು.

"ಮಾಮ ಬರದಿದ್ರೆ ನಂಗೆ ರೋಸೂ ಬೇಡ, ಎಂತದೂ ಬೇಡ" ಎಂದು ಸುನೀತಾ ಪಟ್ಟು ಹಿಡಿದಳು. ಚಿಕ್ಕವಳಿದ್ದಾಗ ಅವಳನ್ನು ಹೆಗಲ ಮೇಲೆ ಹೊತ್ತು ಬಂದರಿನ ತುಂಬ ತಿರುಗಿಸಿದವನು ಅವನೇ. "ಅವನ ಬಾಗಿಲಿಗೆ ನಾನು ಹೋಗೂದಿಲ್ಲ" ಎಂದೆ. ಅವಳು ನನ್ನ ಜತೆ ಮಾತು ಬಿಟ್ಟಳು. ಅವಳಿಗಾಗಿ ಹೊಲಿಯುತ್ತಿದ್ದ ಬಿಳಿ ಗೌನು ಮಿಶಿನಿನ ಮೇಲೆ ಅರ್ಧಕ್ಕೆ ಬಿದ್ದಿತ್ತು. ಒಬ್ಬಳೇ ಮಗಳು, ಅಳುಮುಖ ಹೊತ್ತು ಗಂಡನ ಮನೆಗೆ ಹೋಗುತ್ತಾಳಲ್ಲ ಎಂದು ಕೊರಗುತ್ತಿದ್ದೆ. ಆದರೂ ಕಾಲು ಏಳಲಿಲ್ಲ.

ಈಸ್ಟರ್ ಹಿಂದಿನ ಶನಿವಾರ ಬಂತು. ದೂರದ ಊರಿನವರ ಬಸ್ಸಿಗೆ ತೊಂದರೆಯಾಗದಿರಲಿ ಎಂದು ಪಾದ್ರಿಗಳು ಆ ವರ್ಷ ಪೂಜೆಯನ್ನು ಸಂಜೆ ಕತ್ತಲಾಗುತ್ತಲೇ ಇಟ್ಟಿದ್ದರು. ಸುನೀತಾ ಮುಂದೆ ಹಾಡುವವರ ಜತೆ ಕೂತಳು. ನಾನು ಕೊನೆಯ ಬೆಂಚಿನ ಗೋಡೆ ಬದಿಯ ತುದಿಯಲ್ಲಿ ಕೂತೆ. ನನ್ನ ಹಿಂದೆ ಒಬ್ಬರು ನಿಲ್ಲುವಷ್ಟು ಜಾಗ, ಅದರಾಚೆ ಗೋಡೆ.

ಅವತ್ತಿನ ಪದ್ಧತಿ ಹೀಗೆ. ಇಗರ್ಜಿಯ ದೀಪಗಳನ್ನೆಲ್ಲ ಆರಿಸುತ್ತಾರೆ. ಅಂಗಳದಲ್ಲಿ ಹೊಸ ಬೆಂಕಿ ಮಾಡಿ, ದೊಡ್ಡ ಬತ್ತಿಯೊಂದನ್ನು ಹಚ್ಚಿ ಒಳಗೆ ತರುತ್ತಾರೆ. ಅದರಿಂದ ಒಬ್ಬರು ತಮ್ಮ ಕೈಯ ಬತ್ತಿ ಹಚ್ಚಿಕೊಂಡು ಪಕ್ಕದವರಿಗೆ, ಪಕ್ಕದವರು ಇನ್ನೊಬ್ಬರಿಗೆ. ಕಡ್ಡಿ ಗೀರುವ ಹಾಗಿಲ್ಲ, ಇನ್ನೊಬ್ಬರಿಂದಲೇ ತೆಗೆದುಕೊಳ್ಳಬೇಕು. ನಮ್ಮ ಬೆಂಚಿಗೆ ಬೆಳಕು ಬರುವಾಗ ಪಕ್ಕದ ಮುದುಕಿಯ ಬತ್ತಿ ಗಾಳಿಗೆ ಆರಿತು. ಅವಳು ಆಚೆಯವರಿಂದ ಮತ್ತೆ ಹಚ್ಚಿಕೊಂಡು ಮುಂದೆ ತಿರುಗಿಬಿಟ್ಟಳು, ನನಗೆ ಸಿಗಲಿಲ್ಲ. ಎಲ್ಲರ ಮುಖದ ಮೇಲೂ ಬೆಳಕು, ನನ್ನ ಮೂಲೆಯಲ್ಲಿ ಮಾತ್ರ ಕತ್ತಲು. ನನ್ನ ಹಣೆಬರಹವೇ ಇಷ್ಟು ಎಂದುಕೊಂಡೆ.

ಆಗ ನನ್ನ ಬಲಭುಜದ ಮೇಲಿಂದ ಉರಿಯುವ ಬತ್ತಿ ಹಿಡಿದ ಒಂದು ಕೈ ಮುಂದೆ ಬಂತು. ನಾನು ನನ್ನ ಬತ್ತಿಯನ್ನು ಅದಕ್ಕೆ ತಾಗಿಸಿದೆ. ಹತ್ತಿಕೊಂಡಿತು. ಬೆಳಕಿನಲ್ಲಿ ಆ ಹೆಬ್ಬೆರಳು ಕಂಡಿತು. ಉಗುರು ಎರಡು ಸೀಳು. ಎಷ್ಟೋ ದಿನ ಔಷಧಿ ಹಚ್ಚಿ ಬಟ್ಟೆ ಕಟ್ಟಿದವಳು ನಾನೇ, ನನಗೆ ಗೊತ್ತಾಗದೆ ಇರುತ್ತದೆಯೇ? ನಾನು ತಿರುಗಲಿಲ್ಲ. ಹೆದರಿಕೆಯಲ್ಲ, ಸಿಟ್ಟು. ಬಂದ ನೋಡು, ಕರೆಯದೆ ಬಂದ, ಈಗ ಬತ್ತಿ ಹಿಡಿದು ಬಂದ, ಅಂದುಕೊಂಡೆ. ಸುಮ್ಮನೆ ಮುಂದೆ ನೋಡುತ್ತ ಕೂತೆ. ಗಂಟೆ ಬಾರಿಸಿ ದೀಪ ಹಾಕಿದಾಗಲೇ ತಿರುಗಿದ್ದು. ಯಾರೂ ಇರಲಿಲ್ಲ. ಪಕ್ಕದ ಮುದುಕಿ ನನ್ನ ಬತ್ತಿ ನೋಡಿ, "ಎಲ್ಲಿಂದ ಹಚ್ಕಂಡ್ಯೆ ಮಾರಾಯ್ತಿ? ಕಡ್ಡಿ ಗೀರಿದ್ಯಾ?" ಎಂದು ಗದರಿದಳು.

ಪಾದ್ರಿಗಳು ಪ್ರವಚನದಲ್ಲಿ, ಕ್ರಿಸ್ತ ಎದ್ದದ್ದು ನಿಜವಾದರೆ ಅದು ನಿಮ್ಮ ಅಡುಗೆಮನೆಯಲ್ಲಿ, ಅಂಗಡಿಯಲ್ಲಿ, ನೀವು ಮಾತು ಬಿಟ್ಟವರ ಮನೆಯಲ್ಲಿ ಕಾಣಬೇಕು ಎಂದರು. ಪ್ರತಿ ವರ್ಷವೂ ಅದನ್ನೇ ಹೇಳುತ್ತಾರೆ, ನಾವೂ ಪ್ರತಿ ವರ್ಷ ತಲೆದೂಗಿ ಮನೆಗೆ ಬಂದು ಉಣ್ಣುತ್ತೇವೆ. ಅವತ್ತು ಮಾತ್ರ ನನಗೆ ಅನ್ನ ಇಳಿಯಲಿಲ್ಲ. ಸೋಮವಾರ ಬೆಳಿಗ್ಗೆ ಕುಮಟೆ ಬಸ್ಸು ಹತ್ತಿದೆ. ಮದುವೆಗೆ ಕರೆಯುವುದಕ್ಕಲ್ಲ, ಜಗಳಕ್ಕೆ.

ಇನಾಸ ಬಾಗಿಲಲ್ಲಿ ನನ್ನನ್ನು ನೋಡಿ ಎದ್ದು ನಿಂತ. ಕೂತ್ಕೋ ಎನ್ನಲಿಲ್ಲ.

"ಶನಿವಾರ ಕದ್ದು ಬಂದು ಹೋದ್ಯಲ್ಲ, ಎಂತಕ್ಕೆ?" ಎಂದೆ.

"ಎಲ್ಲಿಗೆ? ಆ ಇಗರ್ಜಿ ಮೆಟ್ಲು ಹತ್ತದೆ ಎಷ್ಟು ವರ್ಷ ಆತು ನಂಗೆ! ಶನಿವಾರ ಸಂಜೆ ಪೂರಾ ಪ್ರಾರ್ಥನೆ ಮನೇಲಿದ್ದೆ."

"ಹೌದು ಅತ್ತಿಗೆ," ಎಂದಳು ರೀಟಾ. "ಅವತ್ತು ಇವರೇ ಎಲ್ಲರ ಮುಂದೆ ನಿಂತು ಮಾತಾಡಿದ್ದು."

ನಡೆದದ್ದನ್ನು ಹೇಳಿದೆ. ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ತನ್ನ ಹೆಬ್ಬೆರಳನ್ನು ನೋಡಿಕೊಂಡ.

"ನನ್ನ ಕೈ ಅಂತ ಗೊತ್ತಾತು ಅಂದ್ಯಲ್ಲ. ಮತ್ತೆ ಬತ್ತಿ ಯಾಕೆ ಆರಿಸ್ಲಿಲ್ಲ?"

ನಾನು ಬಾಯಿ ತೆಗೆಯುವ ಮೊದಲು ಅವನೇ ಹೇಳಿದ: "ನೀ ಬಂದು ಕಾಲು ಹಿಡಿದಿದ್ರೂ ನಾ ಬತ್ತಿ ಹಚ್ಚಿ ಕೊಡ್ತಿರ್ಲಿಲ್ಲ ಅಕ್ಕ. ಸುಳ್ಳೆಂತಕ್ಕೆ ಹೇಳೂದು."

"ನೀ ಎದುರಿಗೆ ಬಂದು ಕೊಟ್ಟಿದ್ರೆ ನಾನೂ ತಕಣ್ತಿರ್ಲಿಲ್ಲ" ಎಂದೆ.

ನಮ್ಮ ಮಟ್ಟಿಗೆ ಅಷ್ಟು ನಿಜವಾದ ಮಾತು ಅದಕ್ಕೆ ಮೊದಲು ನಡೆದಿರಲಿಲ್ಲ. ಹೊರಡುವಾಗ ಬಾಗಿಲಲ್ಲೇ ನಿಂತು ರೋಸಿನ ದಿನ ಹೇಳಿದೆ. ಬಾ ಎಂದು ಮಾತ್ರ ಬಾಯಿಂದ ಹೊರಡಲಿಲ್ಲ.

ಮುಂದಿನ ಭಾನುವಾರ ಇಗರ್ಜಿಯಲ್ಲಿ ಓದಿದ್ದು, ಎದ್ದು ಬಂದ ಯೇಸುವಿನ ಗಾಯದ ಕೈ ಕಂಡ ಹೊರತು ನಂಬುವುದಿಲ್ಲ ಎಂದ ಶಿಷ್ಯನ ಪ್ರಸಂಗ. ಪೂರ್ತಿ ಕೇಳಲಾಗದೆ ಎದ್ದು ಹೊರಗೆ ಬಂದೆ.

ರೋಸಿಗೆ ಇನಾಸ ಬಂದ. ಸುನೀತಾ ಮಣೆಯ ಮೇಲಿಂದಲೇ ಅವನನ್ನು ನೋಡಿ ಅತ್ತುಬಿಟ್ಟಳು. ಅವನು ಅಂಗೈಯಲ್ಲಿ ತೆಂಗಿನ ಹಾಲು ಹಿಡಿದು ಅವಳ ತಲೆಗೆ ಹಾಕಿದ. ಅಷ್ಟೇ. ಊಟ ಮಾಡಲಿಲ್ಲ. ಮರುದಿನ ಮದುವೆ ಪೂಜೆ ಮುಗಿಯುವವರೆಗೆ ಇಗರ್ಜಿಯ ಗೇಟಿನ ಹೊರಗೆ ಬಿಸಿಲಿನಲ್ಲಿ ನಿಂತಿದ್ದ. ನಾನೂ ಒಳಗೆ ಬಾ ಎಂದು ಕರೆಯಲು ಹೋಗಲಿಲ್ಲ.

ಹೊರಡುವ ಮುಂಚೆ ನನ್ನ ಹತ್ತಿರ ಬಂದ. ಮುಖ ನೋಡದೆ ಕೇಳಿದ, "ಆ ಕೈ ಮತ್ತೆ ಬಂತಾ?"

"ಇಲ್ಲ."

"ಬಂದ್ರೆ ನಂಗೆ ಹೇಳು" ಎಂದು ಹೋದ.

ಆಮೇಲೆ ನಾವು ಮಾತಾಡಿಲ್ಲ. ಸುನೀತಾ ಫೋನು ಮಾಡಿದಾಗಲೆಲ್ಲ, "ಮಾಮನಿಗೆ ಒಂದು ಮಾತು ಹಾಕಮ್ಮ" ಎನ್ನುತ್ತಾಳೆ. ಇನಾಸ ಬೇರೇನೇ ಇರಲಿ, ಸುಳ್ಳು ಹೇಳುವವನಲ್ಲ. ನನ್ನ ಕಣ್ಣೂ ಸುಳ್ಳು ಹೇಳಲಿಲ್ಲ. ನಮ್ಮಿಬ್ಬರಿಗೂ ಬೇಡವಾಗಿದ್ದನ್ನು ಅವನ ಕೈಯಿಂದ ನನಗೆ ಕೊಟ್ಟವರು ಯಾರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಪ್ರತಿ ವರ್ಷ ಆ ಶನಿವಾರ ಅದೇ ತುದಿಯಲ್ಲಿ ಕೂರುತ್ತೇನೆ. ಪಕ್ಕದವರು ಬೆಳಕು ಕೊಡಲು ಬಂದರೆ ತಲೆಯಾಡಿಸಿ ಬೇಡ ಎನ್ನುತ್ತೇನೆ, ಬತ್ತಿಯನ್ನು ಹಾಗೇ ಹಿಡಿದು ಕಾಯುತ್ತೇನೆ. ಆ ಕೈ ಇಲ್ಲಿಯವರೆಗೆ ಮತ್ತೆ ಬಂದಿಲ್ಲ. ಹಾಗಾಗಿ ತಮ್ಮನಿಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.