ಲಿಫ್ಟಿನೊಳಗಿಂದ ಐಲಾ ಅಜ್ಜಿಯ ಅರ್ಜಿ

ಆ ಮಂಗಳವಾರ ಮಧ್ಯಾಹ್ನ ಮೂರು ಗಂಟೆ ನಲವತ್ತೆರಡು ನಿಮಿಷಕ್ಕೆ ಸ್ವೀಡನ್ನಿನ ನಮ್ಮ ಕಟ್ಟಡದ ಲಿಫ್ಟ್ ನಾವಿದ್ದ ನಾಲ್ಕನೆಯ ಮಹಡಿಗೆ ಒಂದು ಮೊಳ ಕೆಳಗೆ ನಿಂತುಬಿಟ್ಟಿತು. ಒಳಗೆ ನಾನು, ಎದುರುಮನೆಯ ಐಲಾ ಅಜ್ಜಿ, ಮತ್ತು ಆರು ಏಲಕ್ಕಿ ಬನ್ನು.

ಲಿಫ್ಟ್ ಕೆಟ್ಟಿದ್ದು ಅಜ್ಜಿಯಿಂದಲೇ ಎಂದು ನಿವಾಸಿಗಳ ಸಂಘದ ಅಧ್ಯಕ್ಷರು ಇವತ್ತಿಗೂ ಹೇಳುತ್ತಾರೆ. ಫಿನ್ಲೆಂಡ್ ನ್ಯಾಟೋ ಸೇನಾಕೂಟ ಸೇರಿ, ಸ್ವೀಡನ್ನಿನ ಅರ್ಜಿ ಇನ್ನೂ ಬಾಕಿಯಿದ್ದ ವರ್ಷ ಅದು. ಹುಟ್ಟಿದ್ದು ಸ್ವೀಡನ್ನಿನಲ್ಲೇ ಆದರೂ ಅಜ್ಜಿಯ ಮನೆಮಾತು ಫಿನ್ನಿಷ್. ಅಪ್ಪಟ ಸ್ವೀಡಿಷರಾದ ಅಧ್ಯಕ್ಷರು ಲಿಫ್ಟಿನತ್ತ ಬಂದರೆ ಸಾಕು, ಬಾಗಿಲಿಗೆ ಊರುಗೋಲು ಅಡ್ಡ ಹಿಡಿದು, "ನಿಮ್ಮ ಸದಸ್ಯತ್ವ ಪರಿಶೀಲನೆಯಲ್ಲಿದೆ, ಕಾಯಿರಿ" ಅನ್ನುವರು. ಭಾರತದವನಾದ ನನ್ನನ್ನು ಮಾತ್ರ, "ನೀನು ಯಾವ ಕೂಟದಲ್ಲೂ ಇಲ್ಲ, ಬಾ" ಎಂದು ಒಳಗೆ ಕರೆಯುವರು. ಬಾಗಿಲು ಆ ಕೋಲಿಗೆ ಎಷ್ಟು ಸಲ ಬಡಿದಿತ್ತೋ.

ಅವತ್ತು ನಾಲ್ಕಕ್ಕೆ ನಗರಸಭೆಯ ಅಧಿಕಾರಿ ಅಜ್ಜಿಯ ಮನೆಗೆ ಬರುವವರಿದ್ದರು. ಫಿನ್ನಿಷ್ ಮಾತಾಡುವ ಸಿಬ್ಬಂದಿಯಿರುವ ವೃದ್ಧಾಶ್ರಮದಲ್ಲಿ ಅಜ್ಜಿ ಜಾಗ ಕೇಳಿದ್ದರು. ಫಿನ್ನಿಷರಂಥ ರಾಷ್ಟ್ರೀಯ ಅಲ್ಪಸಂಖ್ಯಾತರಿಗೆ ಕಾನೂನು ಕೊಟ್ಟ ಹಕ್ಕು ಅದು. ಆದರೂ ನಿಮ್ಮ ಸ್ವೀಡಿಷ್ ಚೆನ್ನಾಗಿದೆಯಲ್ಲ ಎಂದು ಒಮ್ಮೆ ಅರ್ಜಿ ವಾಪಸ್ ಕಳಿಸಿದ್ದರಂತೆ. "ಶಾಲೆಯಲ್ಲಿ ಫಿನ್ನಿಷ್ ಮಾತಾಡಿದರೆ ಮೂಲೆಗೆ ನಿಲ್ಲಿಸುತ್ತಿದ್ದರು. ಚೆನ್ನಾಗಿರದೆ ಏನಾಗುತ್ತೆ?" ಅನ್ನುತ್ತಿದ್ದರು ಅಜ್ಜಿ.

ತುರ್ತುಗುಂಡಿ ಒತ್ತಿದಾಗ ಸ್ಪೀಕರಿನಲ್ಲಿ ಒಬ್ಬಾಕೆ ಏನಾಯಿತೆಂದು ಕೇಳಿದಳು. ಗಾಬರಿಯಲ್ಲಿ ನನ್ನ ಬಾಯಿಗೆ ಸ್ವೀಡಿಷ್ ತರಗತಿಯ ಮೊದಲ ಪಾಠವೇ ಬಂತು. ನನ್ನ ಹೆಸರು ಚೇತನ್, ನನಗೆ ಕಾಫಿ ಇಷ್ಟ ಅಂದೆ. ಉಳಿದದ್ದನ್ನು ಅಜ್ಜಿ ಹೇಳಿದರು.

ಅಧಿಕಾರಿ ಸರಿಯಾಗಿ ನಾಲ್ಕಕ್ಕೆ ಮೆಟ್ಟಿಲು ಹತ್ತಿ ಬಂದರು. ಹೆಜ್ಜೆ ಸದ್ದು ಕೇಳಿ ಅಜ್ಜಿ ಒಳಗಿಂದಲೇ ಕೂಗಿ ಕರೆದರು. ಇನ್ನೊಂದು ದಿನ ಬರುತ್ತೇನೆಂದರೆ ಅಜ್ಜಿ ಬಿಡಲಿಲ್ಲ. ಆತ ಮಂಡಿಯೂರಿ, ಬಾಗಿಲ ಸಂದಿಯಿಂದಲೇ ಸ್ವೀಡಿಷ್‌ನಲ್ಲಿ ಪ್ರಶ್ನೆ ಕೇಳತೊಡಗಿದರು. ಅದೇ ಸಂದಿಯಿಂದ ಒಂದು ಬನ್ನು ಆಚೆ ಹೋಯಿತು. ಜೊತೆಗೆ ಯಾರಾದರೂ ಇದ್ದಾರೆಯೇ ಎಂದಾಗ, ಒಬ್ಬನಿದ್ದಾನೆ, ಅವನನ್ನು ನಾನೇ ನೋಡಿಕೊಳ್ಳಬೇಕು ಅಂದರು ಅಜ್ಜಿ.

ಆಗ ಲಿಫ್ಟ್ ಜಾರಿತು. ಒಂದಾಳುದ್ದ ಕೆಳಕ್ಕೆ ಬಿದ್ದು ಗಕ್ಕನೆ ನಿಂತಿತು. ನಾನು "ಅಯ್ಯೋ ಅಮ್ಮಾ, ಸತ್ತೆ" ಎಂದು ಕಿರುಚಿದ್ದೆ. ಅಜ್ಜಿ ಫಿನ್ನಿಷ್‌ನಲ್ಲಿ ಏನೋ ಕೂಗಿದ್ದರು. ಮೇಲಿನಿಂದ ಅಧಿಕಾರಿ ಗಾಬರಿಯಾಗಿ ಕರೆಯುತ್ತಿದ್ದರು.

ನನ್ನ ತೋಳು ಬಿಡದೆ ಅಜ್ಜಿ ಕೇಳಿದರು, "ಅದು ನಿನ್ನ ಭಾಷೆಯಾ?"

ಹೌದು, ಕನ್ನಡ ಅಂದೆ.

"ಬರೆದುಕೊಳ್ಳಿ," ಎಂದು ಅಜ್ಜಿ ಮೇಲಕ್ಕೆ ಹೇಳಿದರು. "ಬೀಳುವಾಗ ಇಬ್ಬರಿಗೂ ಸ್ವೀಡಿಷ್ ಬರಲಿಲ್ಲ. ನನ್ನ ವಯಸ್ಸಿನವರು ದಿನಾ ಬೀಳುತ್ತಾರೆ."

ಆತ ಬರೆದುಕೊಂಡರು ಅಂತ ಕಾಣುತ್ತದೆ. ಜಾಗ ಸಿಕ್ಕಿತು.

ಮೆಕ್ಯಾನಿಕ್ ನಮ್ಮನ್ನು ಹೊರಗೆಳೆದದ್ದು ಐದೂವರೆಗೆ. ನನಗೆ ಮಾತ್ರ ಆಮೇಲೆ ನಿದ್ದೆಯಿಲ್ಲ. ಕಣ್ಣು ಹತ್ತಿದೊಡನೆ ಹಾಸಿಗೆ ಒಂದಾಳುದ್ದ ಜಾರುತ್ತಿತ್ತು.

ಎರಡು ತಿಂಗಳ ನಂತರ ಒಂದು ಭಾನುವಾರ ವೃದ್ಧಾಶ್ರಮಕ್ಕೆ ಹೋದೆ. ಇಲ್ಲಿ ಬೈದರೆ ಎಲ್ಲರಿಗೂ ಅರ್ಥವಾಗುತ್ತೆ, ಬೈಯುವ ಸುಖವೇ ಹೋಯಿತು ಎಂದು ಅಜ್ಜಿ ದೂರಿಕೊಂಡರು. ಹೊರಡುವಾಗ ನನ್ನ ಕೈ ಹಿಡಿದು ಫಿನ್ನಿಷ್‌ನಲ್ಲೇ ಏನೋ ಉದ್ದಕ್ಕೆ ಹೇಳಿದರು. ಪಕ್ಕದಲ್ಲಿದ್ದ ದಾದಿ ನಕ್ಕಳೇ ಹೊರತು ಅರ್ಥ ಹೇಳಲಿಲ್ಲ. "ಆಯ್ತಜ್ಜಿ, ಬರ್ತೀನಿ" ಅಂದೆ. ಅವರೂ ತಲೆಯಾಡಿಸಿದರು.

ಅವರನ್ನು ನೋಡಿದ್ದು ಅದೇ ಕೊನೆ. ಅಂದು ರಾತ್ರಿ ಹಾಸಿಗೆ ಜಾರಲಿಲ್ಲ; ಮಲಗಿದವನಿಗೆ ಎಚ್ಚರವಾದದ್ದು ಸೋಮವಾರ ಬೆಳಿಗ್ಗೆ ಏಳಕ್ಕೆ.