ನಾನು ಬರೆಸಿದ ಝರಿ

ಮೂವತ್ತು ವರ್ಷ ಭೂಗೋಳ ಕಲಿಸಿದ ನಾನು ಸೇವೆಯಲ್ಲಿದ್ದಾಗ ಹತ್ತಿದ ಅತಿ ಎತ್ತರದ ಜಾಗವೆಂದರೆ ಶಾಲೆಯ ಮಾಳಿಗೆ. ಅದೂ ಒಮ್ಮೆ ಧ್ವಜದ ಹಗ್ಗ ಸಿಕ್ಕಿಹಾಕಿಕೊಂಡಿದ್ದಕ್ಕೆ. ಆದರೆ ದಾಖಲೆಗಳ ಪ್ರಕಾರ ನಾನು ಪ್ರತಿ ವರ್ಷ ಒಂದು ಗುಡ್ಡ ಹತ್ತಿದ್ದೇನೆ, ಜೊತೆಗೆ ಒಂಬತ್ತನೇ ತರಗತಿಯ ಅಷ್ಟೂ ಮಕ್ಕಳನ್ನು ಹತ್ತಿಸಿ, ಒಬ್ಬರೂ ಬೀಳದಂತೆ ಇಳಿಸಿಕೊಂಡು ಬಂದಿದ್ದೇನೆ.

ಆಗ ನಾನು ಭಾಲ್ಕಿ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿದ್ದೆ. ಮಕ್ಕಳು ಯಾವುದಾದರೊಂದು ಪ್ರಾಕೃತಿಕ ತಾಣವನ್ನು ನೋಡಿಬಂದು ‘ಕ್ಷೇತ್ರ ಭೇಟಿ ವರದಿ’ ಬರೆಯಬೇಕಿತ್ತು. ಔರಾದ್ ಕಡೆಗೆ ಹೋಗುವ ದಾರಿಯಲ್ಲಿ ಒಂದು ಗುಡ್ಡ ಇತ್ತು. ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಕರೆದುಕೊಂಡು ಹೋಗುವುದೆಂದರೆ ಮುಖ್ಯೋಪಾಧ್ಯಾಯರ ಅನುಮತಿ, ಪಾಲಕರ ಸಹಿ, ಬಿಸಿಲು, ಚೇಳು, ವಾಂತಿ ಮಾಡಿಕೊಳ್ಳುವ ಹುಡುಗರು. ಬರೆಸುವುದೆಂದರೆ ಒಂದು ಪೀರಿಯಡ್ಡು. ಕುರ್ಚಿಯಲ್ಲಿ ಕುಳಿತು ನಾನು ಹೇಳುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. ನನ್ನದು ಶುದ್ಧ ಸೋಮಾರಿತನ. ಕೇಳಿದವರಿಗೆ ಮಾತ್ರ ‘ಪೋರ್ಷನ್ ಮುಗಿಸಬೇಕಲ್ರಿ’ ಎನ್ನುತ್ತಿದ್ದೆ.

ವರದಿಗೆ ನಮೂನೆಯೊಂದಿತ್ತು. ಶಿಲೆ, ಮಣ್ಣು, ಸಸ್ಯ, ವಿಶೇಷ ಆಕೃತಿ, ಜಲಮೂಲ ಎಂದು ತಲೆಬರಹಗಳು. ಖಾಲಿ ಬಿಟ್ಟರೆ ಅಂಕ ಹೋಗುತ್ತದೆ. ಶಿಲೆ ಎಂದಾಗ ಬೀದರಿನ ನನ್ನ ಮನೆಯ ಬುನಾದಿ ನೆನಪಾಯಿತು, ‘ಕೆಂಪು ಜಂಬಿಟ್ಟಿಗೆ’ ಎಂದು ಬರೆಸಿದೆ. ವಿಶೇಷ ಆಕೃತಿಗೆ ‘ಆಮೆ ಬಂಡೆ’ ಎಂದೆ, ಯಾವ ಗುಡ್ಡದಲ್ಲಾದರೂ ಆಮೆಯಂಥ ಒಂದು ಬಂಡೆ ಇದ್ದೇ ಇರುತ್ತದೆ. ಜಲಮೂಲಕ್ಕೆ ಬಂದಾಗ ನನ್ನೊಳಗಿನ ಸಾಹಿತಿ ಎದ್ದು ಕುಳಿತ. ‘ಗುಡ್ಡದ ನಡುವೆ ಬಂಡೆಯೊಂದರ ಅಡಿಯಿಂದ ತಣ್ಣನೆಯ ಝರಿಯೊಂದು ಹರಿಯುತ್ತದೆ. ಬೇಸಿಗೆಯಲ್ಲೂ ಅದು ಬತ್ತುವುದಿಲ್ಲ. ಅದರ ನೀರು ಬಹಳ ಸಿಹಿ.’ ನನಗೇ ಬಾಯಾರಿಕೆಯಾಗುವಷ್ಟು ಚೆನ್ನಾಗಿ ಬಂದಿತ್ತು. ಮುಂದೆ ನಿವೃತ್ತಿಯವರೆಗೂ ತಾರೀಖೊಂದನ್ನು ಬಿಟ್ಟು ಒಂದಕ್ಷರ ಬದಲಿಸದೆ ಅದನ್ನೇ ಬರೆಸಿದೆ. ಮಕ್ಕಳಿಗೆ ತಾವು ಹೋಗಿಲ್ಲವೆಂದು ಗೊತ್ತಿತ್ತು. ಸರ್ ಹೋಗಿ ನೋಡಿಬಂದಿದ್ದಾರೆ ಎಂದು ನಂಬಿದ್ದರು.

ನಿವೃತ್ತನಾಗಿ ಬೀದರಿನ ನೌಬಾದದ ಮನೆಯಲ್ಲಿ ಪೇಪರು ಓದುತ್ತ ಆರಾಮವಾಗಿದ್ದೆ. ಹೋದ ಜನವರಿಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳ ಫೋನ್ ಬಂತು. ಮೆಥೋಡಿಸ್ಟ್ ಮನೆತನದ ಹುಡುಗಿ, ಈಗ ಬೀದರಿನ ಆಸ್ಪತ್ರೆಯೊಂದರಲ್ಲಿ ನರ್ಸು, ನಡಿಗೆಯ ಬಳಗವೊಂದರ ಕಾರ್ಯದರ್ಶಿಯೂ ಹೌದು. ಬೆಳಿಗ್ಗೆ ಕೋಟೆಯ ಸುತ್ತ ನಡೆದು, ಆಮೇಲೆ ನಡೆದದ್ದಕ್ಕಿಂತ ಹೆಚ್ಚು ಪೂರಿ ತಿನ್ನುವ ಬಳಗ ಅದು.

“ಸರ್, ನಿಮ್ಮ ಗುಡ್ಡಕ್ಕ ಟ್ರೆಕ್ಕಿಂಗ್ ಇಟ್ಟೀವ್ರಿ. ನೀವೇ ದಾರಿ ತೋರಸ್ಬೇಕು. ನನ್ನ ಹತ್ರ ನೀವು ಬರೆಸಿದ ವರದಿ ಇನ್ನಾ ಅದ ರಿ.”

“ನಿನ್ನ ಹತ್ರ ಇನ್ನಾ ಅದ?” ನನ್ನ ಧ್ವನಿ ಸ್ವಲ್ಪ ಬಿದ್ದಿತು.

“ಅದ್ರ ಮ್ಯಾಲೇ ನಕ್ಷಾ ಮಾಡಿಸೀವಿ. ಕಲರ್ ಪ್ರಿಂಟ್!”

ನಕ್ಷೆ ಮೊಬೈಲಿಗೆ ಬಂತು. ಆಮೆ ಬಂಡೆ ಇತ್ತು. ಝರಿ ಇರುವಲ್ಲಿ ಒಂದು ನೀಲಿ ಹನಿ ಮಿಂಚುತ್ತಿತ್ತು. ಬಳಗದವರಲ್ಲಿ ಯಾರೂ ಆ ಗುಡ್ಡಕ್ಕೆ ಹೋಗಿ ನೋಡಿರಲಿಲ್ಲ, ನೋಡದೆಯೇ ನಕ್ಷೆ ಬರೆದಿದ್ದರು. ಈ ಪದ್ಧತಿಯನ್ನು ಟೀಕಿಸುವ ಯೋಗ್ಯತೆ ನನಗಿರಲಿಲ್ಲ. ಮಂಡಿನೋವು ಎಂದು ತಪ್ಪಿಸಿಕೊಳ್ಳಲು ನೋಡಿದೆ. ಆಗ ಅವಳು ಹೇಳಿದಳು: “ನಮ್ಮವ್ವನೂ ಬರ್ತಾಳ್ರಿ ಸರ್. ಎಪ್ಪತ್ತು ದಾಟ್ಯಾವ. ಆ ಝರಿ ನೋಡ್ಬೇಕಂತ ಹಟ ಹಿಡದಾಳ.” ಎಪ್ಪತ್ತು ದಾಟಿದ ಮಂಡಿಗಳ ಮುಂದೆ ನನ್ನ ಮಂಡಿ ಬಾಯಿ ಮುಚ್ಚಿಕೊಂಡಿತು.

ಭಾನುವಾರ ಚರ್ಚಿಗೆ ಹೋಗುವವರಿದ್ದುದರಿಂದ ಎರಡನೇ ಶನಿವಾರ ಹೊರಟೆವು. ಇಪ್ಪತ್ತೆರಡು ಜನ, ಎಲ್ಲರಿಗೂ ಒಂದೇ ಬಣ್ಣದ ಟೋಪಿ. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಮೊಸರಿನ ಡಬ್ಬಿ ಎಲ್ಲ ಸೇರಿ ಬಸ್ಸಿನ ಹಿಂದಿನ ಸೀಟುಗಳನ್ನು ತುಂಬಿಕೊಂಡಿದ್ದವು. ದಾರಿಯುದ್ದಕ್ಕೂ ಎರಡೂ ಕಡೆ ಜೋಳ ನಿಂತಿತ್ತು. ಬಸ್ಸು ಡಾಂಬರು ಮುಗಿದಲ್ಲಿ ನಿಂತಿತು. ಗುಡ್ಡದ ಬುಡಕ್ಕೆ ಇನ್ನೂ ಎರಡು ಕಿಲೋಮೀಟರ್ ಕಚ್ಚಾ ದಾರಿ.

ನಮ್ಮ ಕಡೆ ಕಾರಣವಿಲ್ಲದೆ ನಡೆಯುವುದು ಅಷ್ಟು ಸುಲಭವಲ್ಲ. ನಡೆಯುವವನನ್ನು ಕಂಡರೆ ಅವನ ಗಾಡಿ ಕೆಟ್ಟಿದೆ ಎಂದೇ ಜನ ತಿಳಿಯುತ್ತಾರೆ. ಮೊದಲು ಒಂದು ಬೈಕು ನಿಂತಿತು. “ಎಲ್ಲಿಗ್ರಿ? ಕೂಡ್ರಿ.” ಬೇಡ, ನಡೆಯಲಿಕ್ಕೇ ಬಂದಿದ್ದೇವೆ ಎಂದೆವು. ಆತ ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ಯಾಕ್ರಿ, ಏನಾಯ್ತು?” ಎಂದು ಕನಿಕರದಿಂದ ಕೇಳಿದ. ಆಮೇಲೆ ಒಂದು ಟ್ರ್ಯಾಕ್ಟರ್ ಬಂತು. ಪಾಪ, ಆತನ ಮನಸ್ಸು ನೋಯಿಸಬಾರದೆಂದು ನಮ್ಮವರಲ್ಲಿ ಒಂಬತ್ತು ಜನ ರೊಟ್ಟಿ ಗಂಟುಗಳ ಸಮೇತ ಹತ್ತಿಯೇಬಿಟ್ಟರು. ಉಳಿದವರು ಗುಡ್ಡ ಮುಟ್ಟುವ ಹೊತ್ತಿಗೆ ಆ ಒಂಬತ್ತು ಜನ ಬುಡದಲ್ಲಿ ಕುಳಿತು ಟ್ರೆಕ್ಕಿಂಗಿನ ಫೋಟೋಗಳನ್ನು ಊರಿಗೆಲ್ಲ ಕಳಿಸಿ ಮುಗಿಸಿದ್ದರು.

ನರ್ಸಿನ ತಾಯಿ ಟ್ರ್ಯಾಕ್ಟರ್ ಹತ್ತಲಿಲ್ಲ. ಸೀರೆ ಸ್ವಲ್ಪ ಎತ್ತಿ ಕಟ್ಟಿ, ರಬ್ಬರ್ ಚಪ್ಪಲಿಯಲ್ಲಿ ನನ್ನ ಹಿಂದೆಯೇ ಬಂದಳು. ಮಾತು ಕಡಿಮೆ. ಭಾಲ್ಕಿಯ ಕಡೆ ಬೇರೆಯವರ ಹೊಲಗಳಲ್ಲಿ ದುಡಿದು ಮಗಳನ್ನು ಓದಿಸಿದವಳು. ಕೈಯಲ್ಲಿ ಒಂದು ಖಾಲಿ ಬಾಟಲಿ ಇತ್ತು. ಅದನ್ನು ಕಂಡು ನಾನು ಹೆಜ್ಜೆ ಜೋರು ಮಾಡಿದೆ.

ಹತ್ತತೊಡಗಿದೆವು. ಒಬ್ಬರು ಕಲ್ಲೊಂದನ್ನೆತ್ತಿ ಹಿಡಿದು ಕೇಳಿದರು. “ಸರ್, ನಕ್ಷಾದಾಗ ಕೆಂಪು ಕಲ್ಲು ಅಂತದ. ಇದು ಕರ್ರಗ ಅದ ಅಲ್ರಿ?”

ಔರಾದ್ ಕಡೆ ಕರಿಕಲ್ಲೇ ಇರುವುದು. ಪಠ್ಯಪುಸ್ತಕದಲ್ಲೇ ಇತ್ತು, ಅದನ್ನೂ ನಾನೇ ಕಲಿಸಿದ್ದೆ. “ಹವಾಮಾನ ಬದಲಾಗ್ಯದ” ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿದರು. ಆಮೆ ಬಂಡೆಯ ಸಮಸ್ಯೆ ಬೇರೆಯದು. ಹತ್ತು ನಿಮಿಷದಲ್ಲಿ ಆರು ಆಮೆ ಬಂಡೆಗಳು ಸಿಕ್ಕವು. ಎರಡು ಗುಂಪುಗಳಾಗಿ ಜಗಳವೂ ಆಯಿತು. ನಾನು ತೀರ್ಪು ಕೊಡದೆ ಮುಂದೆ ನಡೆದೆ.

ನರ್ಸು ದಾಪುಗಾಲು ಹಾಕಿ ನನ್ನ ಪಕ್ಕಕ್ಕೆ ಬಂದಳು. ತಾಯಿ ಸ್ವಲ್ಪ ಹಿಂದಿದ್ದಳು. “ಸರ್, ಒಂದ್ ಮಾತು. ವರದಿದಾಗ ತಾರೀಖು ಹಾಕಿಸಿದ್ರಲ್ಲ, ಆ ದಿನ ಅವ್ವಗ ನಾ ಗುಡ್ಡಕ್ಕ ಹೋಗಿಬಂದೆ ಅಂತ ಹೇಳೀನ್ರಿ. ಓದಿ ತೋರ್ಸೀನಿ. ಝರಿ ಸುದ್ದಿ ಕೇಳಿ, ನನಗ ಒಂದ್ ಬಾಟ್ಲಿ ನೀರು ತರಬಾರದೇನ ಅಂದ್ಳು. ಮರದಿನ ಸಾಲಿ ಬೋರಿನ ನೀರು ತುಂಬ್ಕೊಂಡು ಹೋಗಿ ಕೊಟ್ಟೆ. ಸರ್ ಕೊಟ್ಟು ಕಳಿಸ್ಯಾರ ಅಂದೆ. ಕುಡದು, ಭಾಳ ಸಿಹಿ ಅದ ಅಂದ್ಳು.” ಅವಳ ಕಣ್ಣು ತುಂಬಿತ್ತು. “ನಾ ಮೊದಲ ಬಂದಿಲ್ಲ ಅಂತ ಅವ್ವಗ ಗೊತ್ತಾಗಬಾರದ್ರಿ. ಅದಕ್ಕೇ ನೀವು ಮುಂದ ನಡೀರಿ. ಝರಿ ಎಲ್ಲದ ತೋರಸ್ರಿ, ಸಾಕು.”

ಇಷ್ಟು ಹೊತ್ತು ನನಗೆ ಬರೀ ಮರ್ಯಾದೆಯ ಚಿಂತೆ ಇತ್ತು. ಹೆಚ್ಚೆಂದರೆ ‘ಬತ್ತಿರಬೇಕು’ ಎಂದು ಹೇಳಿ ಇಳಿದುಬಿಡೋಣ ಎಂದುಕೊಂಡಿದ್ದೆ. ಈಗ ಹಾಗೆ ಹೇಳಲು ನಾಲಿಗೆ ಏಳಲಿಲ್ಲ. ಬೇಸಿಗೆಯಲ್ಲೂ ಬತ್ತುವುದಿಲ್ಲ ಎಂದು ಬರೆಸಿದವನೂ ನಾನೇ ತಾನೆ.

ನಡುಗುಡ್ಡದಲ್ಲಿ ಆಡು ಮೇಯಿಸುವ ಹೆಂಗಸೊಬ್ಬಳು ಬಂಡೆಯ ನೆರಳಿಗೆ ಕುಳಿತಿದ್ದಳು. ಬಳಗದವರು ಉತ್ಸಾಹದಿಂದ ಅವಳನ್ನು ಸುತ್ತುವರಿದು, ಝರಿ ಎಲ್ಲಿ ಎಂದು ಕೇಳಿದರು.

“ಝರಿ?” ಅವಳು ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕ್ಯಾನು ತಟ್ಟಿ ತೋರಿಸಿದಳು. “ಈ ಗುಡ್ಡದಾಗ ನೀರು ಇದ್ರ ನಾ ಇದನ್ನ ಯಾಕ ಹೊತ್ಗೊಂಡು ಬರ್ತಿದ್ದೆ? ನಾ ಇಲ್ಲೇ ಹುಟ್ಟಿ ಬೆಳದಕಿ. ಯಾವ ಶಾಣ್ಯಾ ಹೇಳ್ದ ನಿಮಗ?”

ಟೋಪಿಗಳೆಲ್ಲ ನನ್ನ ಕಡೆ ತಿರುಗಿದವು. ನರ್ಸು ಮಾತ್ರ ನನ್ನನ್ನು ನೋಡಲಿಲ್ಲ, ನೆಲ ನೋಡುತ್ತಿದ್ದಳು. ಅವಳ ತಾಯಿ ಒಂದು ಕಲ್ಲಿನ ಮೇಲೆ ಕುಳಿತು ಸುಧಾರಿಸಿಕೊಳ್ಳುತ್ತಿದ್ದಳು. ನಾನು ಅವಳೆದುರು ಹೋಗಿ ನಿಂತೆ. ಟೋಪಿ ತೆಗೆದೆ.

“ಅಮ್ಮಾ, ನಾ ಈ ಗುಡ್ಡಕ್ಕ ಎಂದೂ ಬಂದಿಲ್ಲ. ಇವತ್ತೇ ಮೊದಲು. ಝರಿ ನಾ ಕುಂತಲ್ಲೇ ಕುಂತು ಬರೆಸಿದ್ದು. ನಿಮ್ಮ ಮಗಳನ್ನೂ ನಾ ಕರಕೊಂಡು ಬಂದಿರಲಿಲ್ಲ. ಆಕಿ ಹೇಳಿದ ಸುಳ್ಳು ನಂದು. ಆಕಿಗೇನೂ ಅನಬ್ಯಾಡ್ರಿ.”

ಮುದುಕಿ ಹಣೆಯ ಬೆವರನ್ನು ಸೆರಗಿನಿಂದ ಒರೆಸಿಕೊಂಡಳು. “ಗೊತ್ತದ ರಿ ಮಾಸ್ತರ” ಎಂದಳು.

ಮಗಳು ತಲೆ ಎತ್ತಿದಳು.

“ಸಾಲಿ ಬೋರಿನ ನೀರು ಸವಳು. ಬಾಯಾಗ ಹಾಕ್ಕೊಂಡ ಕೂಡ್ಲೇ ಗೊತ್ತಾಯ್ತು. ದಿನಾ ಆ ಬೋರಿನ ನೀರೇ ಕುಡದು ಹೊಲಕ್ಕ ಹೋಗ್ತಿದ್ದೆ, ನನಗ ಗೊತ್ತಾಗಂಗಿಲ್ಲೇನು?”

“ಗೊತ್ತಿದ್ದೂ ಸಿಹಿ ಅದ ಅಂದ್ಯಾ ಅವ್ವಾ?” ಮಗಳ ಧ್ವನಿ ಒಡೆದಿತ್ತು. “ಇಷ್ಟು ವರ್ಷ ಯಾಕ ಸುಮ್ಮನಿದ್ದಿ?”

“ನಿನಗ ಬೈದ್ರ ಮಾಸ್ತರ ಸುದ್ದಿ ಹೊರಗ ಬೀಳ್ತಿತ್ತು. ನಮ್ಮ ಮನ್ಯಾಗ ಓದಾಕಿ ನೀ ಒಬ್ಬಾಕಿ. ಮಾಸ್ತರು ಹೇಳಿದ್ದು ಸುಳ್ಳು ಅಂತ ಮನಸಿನಾಗ ಹೊಕ್ಕರ, ಆಮ್ಯಾಲ ಅವರು ಹೇಳಿದ್ದು ಯಾವುದು ಓದ್ತಿದ್ದಿ? ಅದಕ್ಕ ಬಾಟ್ಲಿ ಪೂರಾ ಕುಡದೆ.”

ಸೇವೆಯಲ್ಲಿ ನನಗೆ ಎರಡು ಸಲ ಸನ್ಮಾನವಾಗಿದೆ, ಶಾಲು, ಹಾರ, ಫಲಕ ಎಲ್ಲ ಬಂದಿವೆ. ನನ್ನನ್ನು ಮಾಸ್ತರನಾಗಿ ಉಳಿಸಿದ್ದು ಸವಳು ನೀರು ಕುಡಿದ ಈ ಹೆಂಗಸು ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಸತ್ತಂತಾಯಿತು.

“ಹಂಗಾದ್ರ ಇವತ್ತು ಯಾಕ ಬಂದ್ರಿ ಅಮ್ಮಾ?” ಎಂದು ಕೇಳಿದೆ.

“ನೀವೇ ಮುಂದ ನಿಂತು ಎಲ್ಲಾರ್ನೂ ಕರಕೊಂಡು ಬರ್ತೀರಿ ಅಂತ ಮಗಳು ಹೇಳಿದ್ಳು. ಈ ಸಲಾನಾದ್ರೂ ಖರೇ ಬರ್ತೀರೋ ಇಲ್ಲೋ ನೋಡೋಣ ಅಂತ ಬಂದೆ. ಝರಿ, ಬಾಟ್ಲಿ ಎಲ್ಲಾ ನೆಪ.” ಅವಳು ಮಂಡಿಗೆ ಕೈಯೂರಿ ಎದ್ದಳು. “ನಡೀರಿ, ಇನ್ನಾ ಅರ್ಧ ಗುಡ್ಡ ಅದ.”

ಹಿಂದಿನಿಂದ ಯಾರೋ ರೊಟ್ಟಿ ಬಿಚ್ಚೋಣವೇ ಎಂದು ಕೂಗಿದರು. ನಾನು ತಾಯಿ-ಮಗಳಿಬ್ಬರಿಗಿಂತ ಒಂದು ಹೆಜ್ಜೆ ಮುಂದೆ ಹತ್ತತೊಡಗಿದೆ.