ಟೈಲರಕ್ಕನ ತಪ್ಪು ಉತ್ತರಗಳು

ಟೈಲರಕ್ಕನಿಗೆ ತಲೆ ಸ್ವಲ್ಪ ನಿಧಾನ ಎಂದು ಬೀದಿಯವರೆಲ್ಲ ನಂಬಿದ್ದರು. ಇದನ್ನು ಬರೆಯುತ್ತಿರುವವನೂ ಅವರಲ್ಲೊಬ್ಬ. ನಂಬದೆ ಇನ್ನೇನು? ಸಂಜೆ ಅವಳ ಕಿಟಕಿಯ ಮುಂದೆ ಹಾದುಹೋದರೆ ಒಳಗೆ ಮಕ್ಕಳ ಕಿರುಚಾಟ: “ದೊಡ್ಡ ಕಿವಿ! ಉದ್ದ ಮೂಗು! ಕಂಬದಂಥ ಕಾಲು!”

ಅಕ್ಕ ಗಂಭೀರವಾಗಿ, “ಯಾರು, ಮೇಲ್ಮನೆ ಮೇಷ್ಟ್ರಾ?” ಎನ್ನುವಳು.

“ಅಯ್ಯೋ ಅಕ್ಕಾ, ಮೇಷ್ಟ್ರಿಗೆ ನಾಲ್ಕು ಕಾಲಾ!”

ಆಟ ಇಷ್ಟೇ. ಶಾಲೆ ಬಿಟ್ಟ ಮೇಲೆ, ಕೆಲಸದಿಂದ ತಾಯಂದಿರು ಬರುವವರೆಗೆ ಬೀದಿಯ ಪುಟಾಣಿಗಳೆಲ್ಲ ಅವಳ ಹೊಲಿಗೆ ಕೋಣೆಯಲ್ಲೇ. ಓದಲು ಬಾರದ ವಯಸ್ಸು. ಹಾಗಾಗಿ ಬಟ್ಟೆ ಚೂರಿನ ಮೇಲೆ ಸೀಮೆಸುಣ್ಣದಲ್ಲೊಂದು ಚಿತ್ರ ಬರೆದು, ಒಬ್ಬರ ಬೆನ್ನಿಗೆ ಪಿನ್ನು ಹಾಕುವುದು. ಉಳಿದವರು ಹೆಸರು ಹೇಳದೆ ಸುಳಿವು ಕೊಡಬೇಕು, ಬೆನ್ನಿನವರು ಊಹಿಸಬೇಕು. ಯಾರ ಮಾತಿಗೂ ಬಾಯಿ ಹಾಕುತ್ತಿದ್ದ ಪೋರ ಈಗ ಸರದಿ ಕಾಯುತ್ತಿದ್ದ. ಸೋತರೆ ನೆಲದ ಮೇಲೆ ಹೊರಳಾಡುತ್ತಿದ್ದವಳು, “ಇನ್ನೊಂದ್ಸಲ” ಎಂದು ಮೂಗೊರೆಸಿಕೊಳ್ಳುತ್ತಿದ್ದಳು.

ಆ ಮೇಲ್ಮನೆಯ ನಿವೃತ್ತ ಮೇಷ್ಟ್ರು ಪ್ಯಾಂಟಿನ ಅಳತೆ ಕೊಡಲು ಬಂದವರು ಇದನ್ನು ಕಂಡು, “ಇದಕ್ಕೆ ಜೀವನ ಕೌಶಲ್ಯ ಅಂತಾರೆ. ಸಹನೆ, ಸಹಾನುಭೂತಿ, ಅಭಿವ್ಯಕ್ತಿ...” ಎಂದು ಎದೆಯುಬ್ಬಿಸಿ ಭಾಷಣ ಶುರು ಮಾಡಿದರು.

“ಉಸಿರು ಬಿಡಿ ಮೇಷ್ಟ್ರೇ,” ಎಂದಳು ಅಕ್ಕ, “ಸೊಂಟದ ಅಳತೆ ತಪ್ಪುತ್ತೆ.”

ಅಕ್ಕನ ಚಿಂತೆ ಬೇರೆಯೇ ಇತ್ತು. ನರ್ಸ್ ಆಗಿದ್ದ ಮಗಳು ಕಡಲಾಚೆಯ ಆಸ್ಪತ್ರೆಗೆ ದುಡಿಯಲು ಹೋದಾಗಿನಿಂದ, ಅವಳು ಇಲ್ಲಿ ಬಿಟ್ಟುಹೋದ ಮೊಮ್ಮಗಳು ‘ಅಮ್ಮ’ ಅನ್ನುವ ಮಾತನ್ನೇ ಬಾಯಿಂದ ತೆಗೆದುಹಾಕಿದ್ದಳು. ವಾರಕ್ಕೊಮ್ಮೆ ಫೋನು ಬಂದರೆ ಸಾಕು, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಮಾಯ.

“ಏನಾದ್ರೂ ಅಂದ್ಳಾ ಅಮ್ಮಾ?” ಎಂದು ಮಗಳು ಕೇಳುವಳು.

“ನಿದ್ದೆ ಮಾಡ್ತಿದಾಳೆ ಕಣೇ,” ಎನ್ನುವಳು ಅಕ್ಕ. ಗೋಡೆಯ ಮೊಳೆಗೆ ಮಗಳಿಗೆಂದು ಹೊಲಿದ, ತೋಳಿಲ್ಲದ ಅಂಗಿಯೊಂದು ತೂಗುತ್ತಿತ್ತು. ಅಳತೆ ಗೊತ್ತಿಲ್ಲವೆಂದಲ್ಲ; ಅವಳು ಬಂದು ನಿಂತ ಮೇಲೇ ತೋಳು ಹಚ್ಚಬೇಕೆಂಬ ಹಟ.

ಆವತ್ತು ಫೋನು ಬಂದಾಗ ಆಟ ನಡೆದಿತ್ತು. ಮೊಮ್ಮಗಳೇ ಚಿತ್ರ ಬರೆದು ಅಜ್ಜಿಯ ಬೆನ್ನಿಗೆ ಚುಚ್ಚಿದ್ದಳು. ಉಳಿದ ಮಕ್ಕಳಿಗೆ ಆ ದುಂಡು ಮುಖ, ಟೋಪಿ ಯಾರದೆಂದು ತಿಳಿಯಲೇ ಇಲ್ಲ. ಸುಳಿವು ಅವಳೇ ಕೊಡಬೇಕು. ಅಕ್ಕ ಫೋನಿಗೆ, “ಉಸಿರೆತ್ತಬೇಡ, ಕೇಳಿಸ್ಕೋ” ಎಂದು ಪಿಸುಗುಟ್ಟಿ, ಅದನ್ನು ಬಟ್ಟೆ ರಾಶಿಯ ಮೇಲಿಟ್ಟಳು.

“ಕೈ ಯಾವಾಗ್ಲೂ ತಣ್ಣಗಿರುತ್ತೆ,” ಎಂದಿತು ಮಗು.

ಅಕ್ಕನಿಗೆ ಅಲ್ಲೇ ಗೊತ್ತಾಯಿತು. ಆದರೂ, “ಐಸ್ ಮಾರೋನಾ?” ಎಂದಳು.

“ಅಲ್ಲ! ಸೋಪಿನ ವಾಸನೆ ಬರುತ್ತೆ.”

“ಅಗಸನಾ?”

“ಥೂ ಅಜ್ಜಿ! ನನ್ನ ಮಲಗಿಸ್ತೀನಿ ಅಂತ ಬಂದು ತಾನೇ ಮೊದ್ಲು ಮಲಗುತ್ತೆ.”

“ಹಾಗಾದ್ರೆ ಬೆಕ್ಕು.”

“ಬೆಕ್ಕು ಹಾಡುತ್ತಾ? ಇದು ಹಾಡುತ್ತೆ, ಅರ್ಧಕ್ಕೇ ಮರೆತುಹೋಗುತ್ತೆ. ಅಳಲ್ಲ ಅಂತ ಹೇಳಿ ಬಸ್ಸಲ್ಲಿ ಕೂತ್ಕೊಂಡು ಅಳುತ್ತೆ. ನಾನು ನೋಡ್ದೆ.”

ಅಕ್ಕನಿಗೆ ತಪ್ಪು ಉತ್ತರವೊಂದೂ ಹೊಳೆಯದಾಯಿತು. ಕೊನೆಗೆ, “ಬಸ್ ಡ್ರೈವರಾ?” ಎಂದಳು.

ಮಗುವಿನ ತಾಳ್ಮೆ ಹರಿಯಿತು. “ಅಮ್ಮ ಕಣಜ್ಜೀ! ಅಮ್ಮ! ಅಷ್ಟೂ ಗೊತ್ತಾಗಲ್ವಾ ನಿಂಗೆ?”

ಬಟ್ಟೆ ರಾಶಿಯಿಂದ, “ಚಿನ್ನೂ...” ಎಂಬ ದನಿ ಬಂತು. ಮಗು ಎಂದಿನಂತೆ ಅಡಗಲು ಮೇಜಿನತ್ತ ಒಂದು ಹೆಜ್ಜೆ ಇಟ್ಟಿತು, ನಿಂತಿತು. ಆಮೇಲೆ ಬಟ್ಟೆಗಳ ಮೇಲೆ ಕೆನ್ನೆಯಿಟ್ಟು ಮಲಗಿ, ಫೋನಿಗೆ ಮೆಲ್ಲಗೆ ಕೇಳಿತು: “ನಿನ್ನ ಕೈ ಇನ್ನೂ ತಣ್ಣಗಿದೆಯಾ?”

ಪ್ಯಾಂಟಿಗೆಂದು ಬಂದು ಬಾಗಿಲಲ್ಲೇ ನಿಂತಿದ್ದ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಒಳಗೆ ಬಂದರು. “ಅಲ್ಲ ಅಕ್ಕಾ, ಅಷ್ಟು ಸುಲಭದ್ದು ನಿಮಗೆ ಗೊತ್ತಾಗಲೇ ಇಲ್ವೇ?”

“ಗೊತ್ತಾಗಿದ್ರೆ ಅವಳು ಅಲ್ಲಿಗೇ ಬಾಯಿ ಮುಚ್ಚಿಬಿಡ್ತಿದ್ಲು,” ಎಂದಳು ಅಕ್ಕ. “ನಿಮ್ಮ ಪ್ಯಾಂಟು ಆಗಿಲ್ಲ. ನಾಳೆ ಬನ್ನಿ.”